ಅಪ್ಪಯ್ಯನ ಬೋರ್ಡು, ಗುಲಾಬಿಯ ಚಾ

ಅಪ್ಪಯ್ಯಾ,

ನೀವು ಮುಂಬೈಯಿಂದ ಬರೆಯುತ್ತಿದ್ದ ಕಾಗದಗಳೆಲ್ಲ 'ನಾನಿಲ್ಲಿ ಕ್ಷೇಮ, ನೀವೂ ಅಲ್ಲಿ ಕ್ಷೇಮವೆಂದು ನಂಬಿದ್ದೇನೆ' ಎಂದೇ ಶುರುವಾಗುತ್ತಿದ್ದವು. ನನಗೆ ಹಾಗೆ ಬರೆಯಲು ಕೈ ಏಳುತ್ತಿಲ್ಲ. ನಾನಿಲ್ಲಿ ಅಷ್ಟೇನೂ ಕ್ಷೇಮವಾಗಿಲ್ಲ. ನೀವು ಅಲ್ಲಿ ಹೇಗಿದ್ದೀರೋ, ಯಾರನ್ನು ಕೇಳಲಿ? ನೀವು ಹೋಗಿ ಮೂರು ತಿಂಗಳಾಯಿತು. ವಂಡ್ಸೆಯ ನಮ್ಮ ಹೋಟೆಲ್ ನಡೆಯುತ್ತಿದೆ, ಬೆಳಿಗ್ಗೆ ಬನ್ಸು, ಮಧ್ಯಾಹ್ನ ಮೀನೂಟ, ಸಂಜೆ ಗೋಳಿಬಜೆ, ಎಲ್ಲ ಮೊದಲಿನ ಹಾಗೆಯೇ. ಇದು ಹೊಟ್ಟೆಕಿಚ್ಚಿನಲ್ಲಿ ಬರೆಯುತ್ತಿರುವ ಕಾಗದ ಎಂದು ಮೊದಲೇ ಹೇಳಿಬಿಡುತ್ತೇನೆ. ಯಾರ ಮೇಲೆ ಹೊಟ್ಟೆಕಿಚ್ಚು ಎಂದು ನಿಮಗೆ ಬದುಕಿರುವಾಗ ಗೊತ್ತೇ ಆಗಲಿಲ್ಲ. ಮೊದಲ ದೂರು ಅದೇ.

ನೀವು ಆ ಬೋರ್ಡು ತಂದ ದಿನ ನೆನಪಿದೆಯೇ? ಕುಂದಾಪುರದಿಂದ ಬಸ್ಸಿನ ತಲೆಯ ಮೇಲೆ ಹಾಕಿಸಿಕೊಂಡು ಬಂದಿದ್ದಿರಿ. 'ಇಂದಿನ ವಿಶೇಷ' ಎಂದು ಬರೆಸಿ ಕ್ಯಾಶ್ ಕೌಂಟರಿನ ಪಕ್ಕದ ಗೋಡೆಗೆ ತೂಗು ಹಾಕಿದಿರಿ. ಎರಡು ದಿನ ಅದರಲ್ಲಿ ತಿಂಡಿಗಳ ಹೆಸರೇ ಇತ್ತು. ಮೂರನೆಯ ದಿನ ಗೋಳಿಬಜೆಯ ಕೆಳಗೆ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಒಂದು ಸಾಲು ಬಂತು, 'ಇಟ್ಸ್ ರೈನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್'. ಬೆಕ್ಕು ನಾಯಿಗಳು ಯಾವ ತಿಂಡಿಗೆ ಬೀಳುತ್ತಿವೆ ಎಂದು ಚಾ ಕುಡಿಯುತ್ತಿದ್ದವರೆಲ್ಲ ಹೆದರಿದರು. ನೀವು ಅರ್ಥ ಹೇಳಲಿಲ್ಲ. ಮುಂಬೈಯ ಹೋಟೆಲಿನಲ್ಲಿ ಕೋಟು ಹಾಕಿದ ಗಿರಾಕಿಯೊಬ್ಬ ಹಾಗೆಂದಾಗ ನೀವು ಹೊರಗೆ ಓಡಿಹೋಗಿ ರಸ್ತೆ ನೋಡಿದ್ದರ ಕಥೆಯನ್ನಷ್ಟೇ ಹೇಳಿದಿರಿ. ಆಗ ನಿಮಗೆ ಇಪ್ಪತ್ತು ವರ್ಷ, ಅಲ್ಲಿ ಮೇಜು ಒರೆಸುವ ಕೆಲಸ. ಒಳಗಿದ್ದವರೆಲ್ಲ ನಕ್ಕರಂತೆ. ಜಡಿಮಳೆ ಎಂದು ಅರ್ಥವಾದದ್ದು ಮೈಯೆಲ್ಲ ಒದ್ದೆಯಾದ ಮೇಲಂತೆ.

"ಶಬ್ದ ಡಿಕ್ಷನರಿಯಂಗೆ ಸಿಕ್ಕತ್ತ್ ಮಾರಾಯ್ರೇ. ಇಂತ ಮಾತ್ ಮೈಮೇಲ್ ಬಿದ್ರೇ ಗೊತ್ತಾಪ್ದ್" ಎಂದು ನೀವು ಎಲ್ಲರಿಗೂ ಹೇಳುತ್ತಿದ್ದಿರಿ. ಅದಕ್ಕೇ ಆ ಕಾಯಿದೆ ಮಾಡಿದ್ದು. ಬೋರ್ಡಿನ ಮೇಲಿನ ಮಾತಿಗೆ ಅರ್ಥ ಕೇಳುವ ಹಾಗಿಲ್ಲ. ಯಾರಾದರೂ ತಮ್ಮ ಬದುಕಿನಲ್ಲಿ ನಿಜವಾಗಿ ನಡೆದದ್ದನ್ನು ತಂದು ಹೇಳಬೇಕು. ಅದು ಆ ಮಾತಿಗೆ ಹೊಂದಿತೆಂದು ನೀವು ಒಪ್ಪಿದರೆ, ತಂದವರೇ ಒದ್ದೆ ಬಟ್ಟೆ ತೆಗೆದುಕೊಂಡು ಬೋರ್ಡು ಒರೆಸಬೇಕು. ಅಲ್ಲಿಯವರೆಗೆ ಅದು ಹಾಗೇ ಇರಬೇಕು, ವಾರವಾಗಲಿ, ತಿಂಗಳಾಗಲಿ. 'ಒನ್ಸ್ ಇನ್ ಎ ಬ್ಲೂ ಮೂನ್' ಒರೆಸಿದ್ದು ನಮ್ಮ ಪೋಸ್ಟ್‌ಮ್ಯಾನ್. ಅವನ ಭಾವ ಅಪರೂಪಕ್ಕೊಮ್ಮೆ ಮನೆಗೆ ಬಂದರೆ ಕೋಳಿಗಳು ತಾವಾಗಿಯೇ ಬಚ್ಚಿಟ್ಟುಕೊಳ್ಳುತ್ತಿದ್ದವಂತೆ. 'ಬ್ರೇಕ್ ಎ ಲೆಗ್' ಮಾತ್ರ ಎಡವಟ್ಟಾಯಿತು. ಯಕ್ಷಗಾನದ ಆಟಕ್ಕೆ ಹೊರಟಿದ್ದ ಮೇಳದ ಸ್ತ್ರೀವೇಷದವರಿಗೆ ನೀವು ಪ್ರೀತಿಯಿಂದಲೇ ಹಾಗೆ ಹೇಳಿದಿರಿ. ರಂಗಕ್ಕೆ ಹೋಗುವವರಿಗೆ ಇಂಗ್ಲಿಷಿನವರು ಹರಸುವುದೇ ಹಾಗೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಅವರು ಅರ್ಧ ಬನ್ಸು ಬಿಟ್ಟು ಎದ್ದಿದ್ದರು. "ಕಾಲ್ ಮುರ್ಕಣಿ ಅಂದೇಳಿ ಹರ್ಸುದಾ? ನಿಮ್ ಹರ್ಕೆ ನೀವೇ ಇಟ್ಕಣಿ" ಎಂದು ಹೋದವರು ಮೇಳದ ಆ ವರ್ಷದ ತಿರುಗಾಟ ಮುಗಿಯುವವರೆಗೂ ನಮ್ಮ ಹೋಟೆಲಿಗೆ ಕಾಲಿಡಲಿಲ್ಲ.

ನಾನು ಇದನ್ನೆಲ್ಲ ನೋಡಿದ್ದು ಅಡುಗೆಮನೆಯ ಕಿಂಡಿಯಿಂದ. ದೋಸೆ ತಟ್ಟೆ ದಾಟಿಸಲು ಗೋಡೆಯಲ್ಲಿ ನೀವೇ ತೆಗೆಸಿದ ಕಿಂಡಿ. ಅದರಲ್ಲಿ ನಿಮ್ಮ ಬೆನ್ನು, ಬೋರ್ಡಿನ ಅರ್ಧ, ಗೋಡೆ ಬದಿಯ ಮೇಜು ಕಾಣಿಸುತ್ತಿತ್ತು. ನಿಮಗೆ ಈ ಕಡೆಯಿಂದ ಕಾಣಿಸುತ್ತಿದ್ದದ್ದು ನನ್ನ ಕೈ ಮಾತ್ರ.

ನಾನು ಪಿಯುಸಿ ಇಂಗ್ಲಿಷಿನಲ್ಲಿ ಫೇಲಾದ ದಿನವನ್ನು ನೀವು ಮರೆತಿರಬಹುದು. ಮುಂಬೈ ಬಿಟ್ಟು ಬಂದು ಹೋಟೆಲ್ ಶುರು ಮಾಡಿದ ವರ್ಷ ಅದು. ಇಪ್ಪತ್ತೆರಡು ವರ್ಷ ಹೋಟೆಲಿಗೆ ಬರುವ ಆಫೀಸಿನ ಸಾಹೇಬರ ಹತ್ತಿರ ಇಂಗ್ಲಿಷ್ ಮಾತಾಡಿ ಬಂದವರ ಮಗಳು ಇಂಗ್ಲಿಷಿನಲ್ಲೇ ಫೇಲು! ನೀವು ಹೊಡೆಯಲಿಲ್ಲ. ಹೊಡೆದಿದ್ದರೆ ಸಂಜೆಯೊಳಗೆ ಮರೆಯುತ್ತಿದ್ದೆ. "ನಿನ್ನ ಬಾಯಿಗೆ ಇಂಗ್ಲಿಷ್ ಬಪ್ಪುದಲ್ಲ ಸುಜಾತ. ನೀ ಒಳ್ಗೆ ಹಿಟ್ಟ್ ಕಾಣ್" ಎಂದಿರಿ, ನಾಲ್ಕು ಜನ ಗಿರಾಕಿಗಳ ಎದುರು. ಅವತ್ತಿನಿಂದ ನಿಮ್ಮ ಬಾಯಿಂದ ನನಗೆಂದು ಇಂಗ್ಲಿಷಿನ ಒಂದು ಮಾತೂ ಬರಲಿಲ್ಲ. ಥ್ಯಾಂಕ್ಸು ಸಹ ಇಲ್ಲ. ಮದುವೆಯಾಗಿ ಬ್ರಹ್ಮಾವರಕ್ಕೆ ಹೋದೆ, ಆರು ವರ್ಷಕ್ಕೆ ಒಂದು ಸೂಟ್‌ಕೇಸ್ ಹಿಡಿದು ವಾಪಸ್ ಬಂದೆ. ಯಾಕೆಂದು ನೀವು ಕೇಳಲಿಲ್ಲ. "ಅಕ್ಕಿ ನೆನ್ಸಿಟ್ಟಿತ್ತ್" ಎಂದಿರಿ. ಅದು ನಿಮ್ಮ ಕರುಣೆಯಾಗಿತ್ತು ಎಂದು ಈಗ ಅನಿಸುತ್ತದೆ. ಆಗ ಅನಿಸಲಿಲ್ಲ. ನಾನು ಒಳಗೆ ಹೋಗಿ ಅಕ್ಕಿ ಕಡೆದೆ. ನೀವು ಬೋರ್ಡು ತಂದದ್ದು ಅದೇ ವರ್ಷ.

ಆಮೇಲೆ ಗುಲಾಬಿ ಬಂದಳು.

ಮೀನಿನ ಗುಲಾಬಿ ನಮಗೆ ಹೊಸಬಳೇನಲ್ಲ. ಗಂಗೊಳ್ಳಿ ಬಂದರಿನಿಂದ ಸ್ಕೂಟರಿನ ಹಿಂದೆ ಐಸ್ ಪೆಟ್ಟಿಗೆ ಕಟ್ಟಿಕೊಂಡು, ಹೆಮ್ಮಾಡಿಯಿಂದ ಮನೆಮನೆಗೆ ಕೊಡುತ್ತ, ಹತ್ತೂವರೆಗೆ ನಮ್ಮ ಹಿಂಬಾಗಿಲಿಗೆ ಬರುತ್ತಿದ್ದಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಬಂಗಡೆಯ ಕಿವಿರು ತೆರೆದು ತೋರಿಸುವಳು, ನಾನು ತೆಗೆದುಕೊಳ್ಳುವೆನು, ಅಷ್ಟೇ ನಮ್ಮ ಸಂಬಂಧ. ಒಂದು ದಿನ ಹಿಂಬಾಗಿಲು ಬಿಟ್ಟು ಮುಂದಿನಿಂದ ಒಳಗೆ ಬಂದು ನಿಮ್ಮ ಎದುರು ನಿಂತಳು. ಮುಖ ಕೆಂಪಗಾಗಿತ್ತು. ಮಗಳ ಇಂಗ್ಲಿಷ್ ಶಾಲೆಯಲ್ಲಿ ಪೋಷಕರ ಮೀಟಿಂಗಿಗೆ ಹೋಗಿದ್ದಳಂತೆ. ಟೀಚರು ಮಾರ್ಕ್ಸ್ ಕಾರ್ಡ್ ಕೊಟ್ಟು, ಇವಳು 'ಪುಲ್ ಅಪ್ ಹರ್ ಸಾಕ್ಸ್' ಮಾಡಬೇಕು ಎಂದರಂತೆ. ಏಳನೇ ಕ್ಲಾಸು ಓದಿದವಳು, ಸಾಕ್ಸ್ ಎಂದರೆ ಗೊತ್ತು. ಅಲ್ಲೇ ಬಗ್ಗಿ ಮಗಳ ಕಾಲುಚೀಲ ಎರಡನ್ನೂ ಮೊಣಕಾಲವರೆಗೆ ಎಳೆದಳಂತೆ. ಸಾಲದ್ದಕ್ಕೆ ಮರುದಿನ ಕುಂದಾಪುರಕ್ಕೆ ಹೋಗಿ ರಬ್ಬರ್ ಬಿಗಿ ಇರುವ ಹೊಸ ಜೋಡಿ ತಂದಳಂತೆ. ಮಗಳು ಒಂದು ವಾರ ಅಮ್ಮನ ಹತ್ತಿರ ಮಾತು ಬಿಟ್ಟಳು.

"ಎಲ್ರೂ ನೆಗ್ಯಾಡ್ರ್ ಮಾಷ್ಟ್ರೇ. ನನ್ ಮಗ್ಳೂ ಸೇರಿ. ಅದ್ರ ಅರ್ಥ ಎಂತ ಅಂದೇಳಿ ಒಂದ್ ಹೇಳಿ, ನಾ ಹೋತೆ" ಎಂದಳು.

ಮಾಷ್ಟ್ರು! ಯಾವ ಶಾಲೆಯಲ್ಲೂ ಪಾಠ ಮಾಡದ ನಿಮ್ಮನ್ನು ಒಬ್ಬಳು ಹಾಗೆ ಕರೆದಾಗ ನಿಮ್ಮ ಬೆನ್ನು ನೆಟ್ಟಗಾದದ್ದು ನನಗೆ ಕಿಂಡಿಯಿಂದ ಕಾಣಿಸಿತು. ಇನ್ನಷ್ಟು ಶ್ರಮಪಟ್ಟು ಚೆನ್ನಾಗಿ ಓದಬೇಕು ಎಂದು ಅದರ ಅರ್ಥ ಎಂದಿರಿ. ಕಾಯಿದೆ ಮುರಿದು, ಕೇಳಿದ ಕೂಡಲೇ ಅರ್ಥ ಹೇಳಿದ್ದು ಅದೊಂದೇ ಸಲ. ಅದೂ ಅವಳಿಗೆ. ರಸ್ತೆ ನೋಡಲು ಓಡಿದ ನಿಮ್ಮ ಕಥೆಯನ್ನೂ ಹೇಳಿದಿರಿ. ಇಬ್ಬರೂ ನಕ್ಕಿರಿ. ಒದ್ದೆಯಾಗಿ ನಿಂತ ಹುಡುಗನೊಬ್ಬ ನಿಮಗೆ ಅವಳಲ್ಲಿ ಕಂಡನೋ ಏನೋ. ಹಾಗಾದರೆ ಫೇಲಾಗಿ ನಿಂತ ಹುಡುಗಿಯಲ್ಲಿ ಯಾಕೆ ಕಾಣಲಿಲ್ಲ, ಅಪ್ಪಯ್ಯ?

ಅವತ್ತಿನಿಂದ ಹತ್ತೂವರೆಯ ಚಾ ಶುರುವಾಯಿತು. ಮೀನು ಕೊಟ್ಟು, ಕೈ ತೊಳೆದು, ಗೋಡೆ ಬದಿಯ ಮೇಜಿಗೆ ಬಂದು ಕೂರುವಳು. ನೀವು ಹೇಳಿಕೊಟ್ಟ ಹಾಗೆ, "ಒನ್ ಟೀ ಪ್ಲೀಸ್. ಲೆಸ್ ಶುಗರ್" ಎನ್ನುವಳು. ನೀವು ಮುಂಬೈಯ ಗತ್ತಿನಲ್ಲಿ, "ಕಮಿಂಗ್ ರೈಟ್ ಅಪ್, ಮೇಡಂ!" ಎನ್ನುವಿರಿ. ಇಗೋ ಬಂತು, ಎಂದು. ಅದಾದ ಮೇಲೆ ಕಿಂಡಿಯತ್ತ ತಿರುಗದೆಯೇ, "ಒಂದ್ ಚಾ, ಸಕ್ರಿ ಕಮ್ಮಿ" ಎಂದು ನನಗೆ ಕೂಗುವಿರಿ. ಚಾ ಮಾಡಿದವಳು ನಾನು. ಅಪ್ಪಯ್ಯ, ನಾಲ್ಕು ವರ್ಷ, ದಿನವೂ ನಾನು. ಕೆಲವು ದಿನ ಬೇಕೆಂದೇ ಸಕ್ಕರೆ ಜಾಸ್ತಿ ಹಾಕುತ್ತಿದ್ದೆ. ಅವಳು ಒಂದು ಸಲವೂ ದೂರು ಹೇಳಲಿಲ್ಲ. ಅದಕ್ಕೂ ಸಿಟ್ಟು ಬರುತ್ತಿತ್ತು.

ಅವಳು ತರುತ್ತಿದ್ದ ಪ್ರಸಂಗಗಳೋ! 'ಸ್ಮೆಲ್ಸ್ ಫಿಶಿ' ಎಂದು ನೀವು ಬರೆದ ದಿನ ಜಗಳಕ್ಕೇ ನಿಂತಳು. ಏನೋ ಮೋಸವಿದೆ, ಅನುಮಾನ ಬರುತ್ತಿದೆ ಎನ್ನುವುದಕ್ಕೆ ಮೀನಿನ ವಾಸನೆ ಎನ್ನುತ್ತಾರೆಂದು ಕೊನೆಗೆ ಗೊತ್ತಾದಾಗ, "ಮೀನ್ ವಾಸ್ನಿ ಬಂದ್ರೆ ಅನ್ಮಾನ ಎಂತಕ್ಕೆ? ನಮ್ಮನಿಯಂಗೆ ಆ ವಾಸ್ನಿ ಇಲ್ದಿರೇ ಹೆದ್ರಿಕೆ ಆಪ್ದ್" ಎಂದಳು. ಇನ್ನೊಂದು ಸಲ ನೀವು 'ಪ್ಲೆಂಟಿ ಮೋರ್ ಫಿಶ್ ಇನ್ ದಿ ಸೀ' ಎಂದು ಬರೆದಿರಿ. ಓದಿದವಳೇ, "ಇದನ್ ಹೇಳ್ದನ್ ಯಾರ್? ಒಂದಿನ ನಮ್ ಬೋಟಿಗೆ ಹತ್ಸಿ ಅವ್ನ. ಕಡಲಂಗೆ ಎಷ್ಟ್ ಮೀನಿತ್ ಅಂದೇಳಿ ಎಣ್ಸಿ ಬರ್ಲಿ" ಎಂದಳು. ನೀವು ನಕ್ಕ ನಗುವಿಗೆ ಕೈಯಲ್ಲಿದ್ದ ಚಾ ಅಂಗಿಯ ಮೇಲೆ ಚೆಲ್ಲಿತು. ಆ ಅಂಗಿ ಒಗೆದದ್ದೂ ನಾನೇ.

ಆ ಮೀನಿನ ಮಾತಿಗೆ ಸರಿಯಾದ ಪ್ರಸಂಗ ಅವತ್ತು ನನ್ನ ಹತ್ತಿರ ಇತ್ತು. ಒಂದು ಸಂಬಂಧ ಮುರಿದರೇನಂತೆ, ಬೇರೆ ಬೇಕಷ್ಟು ಸಿಗುತ್ತದೆ ಎಂದು ಸಮಾಧಾನ ಹೇಳುವ ಮಾತು ಅದು. ಬ್ರಹ್ಮಾವರದಿಂದ ನಾನು ಬಂದ ವಾರವೇ ನಿಮ್ಮ ಅಕ್ಕ ಬಂದು, "ಒಂದ್ ಹ್ವಾದ್ರೆ ಇನ್ನೊಂದ್, ಗಂಡ್ಸ್ರಿಗೆ ಬರಗಾಲವಾ?" ಎಂದಿದ್ದರಲ್ಲ, ಅದೇ. ಕಾವಲಿ ಮೇಲೆ ದೋಸೆ ಹೊಯ್ದು ನಿಂತವಳಿಗೆ ಅದು ತುದಿನಾಲಿಗೆಗೆ ಬಂತು. ಕಿಂಡಿಯಿಂದ ತಲೆ ಹೊರಗೆ ಹಾಕಿ ಹೇಳಿಬಿಡಲೇ? ಹೇಳಿದರೆ ನೀವು ತಿರುಗಿ ನೋಡುತ್ತಿದ್ದಿರಾ, ಅಥವಾ... ದೋಸೆ ಸೀದುಹೋಯಿತು. ನೀವು ಅದಕ್ಕೆ ಬೈದಿರಿ.

ಈಗ ಒಂದು ವಿಷಯ ಹೇಳುತ್ತೇನೆ, ನೀವು ಕೇಳದೆ ಹೋದ ವಿಷಯ. ಅಡುಗೆಮನೆ ಬಾಗಿಲ ಹಿಂದೆ ನಾನು ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಮೊಳೆಗೆ ಸಿಕ್ಕಿಸಿ ಇಡುತ್ತಿದ್ದೆನಲ್ಲ. ವಡೆಯ ಎಣ್ಣೆ ಹೀರಲು ಎಂದುಕೊಂಡಿದ್ದಿರಿ. ಅವುಗಳ ಬೆನ್ನಿಗೆ ನಿಮ್ಮ ಬೋರ್ಡಿನ ಒಂದೊಂದು ಮಾತೂ ಇದೆ. ಮೊದಲ ದಿನದ ಬೆಕ್ಕು ನಾಯಿಯಿಂದ ಹಿಡಿದು. ಪ್ರತಿಯೊಂದರ ಪಕ್ಕದಲ್ಲಿ ಅರ್ಥ, ಅದನ್ನು ಒರೆಸಿದವರ ಹೆಸರು. ಗುಲಾಬಿಯ ಹೆಸರು ಬರೆಯುವಾಗ ಪೆನ್ಸಿಲ್ ಜೋರಾಗಿ ಒತ್ತುತ್ತಿದ್ದೆ, ಹಾಳೆ ಅಲ್ಲಲ್ಲಿ ತೂತಾಗಿದೆ. ಮಧ್ಯಾಹ್ನ ಊಟದ ಗಡಿಬಿಡಿ ಮುಗಿದ ಮೇಲೆ ಪಾತ್ರೆ ತಿಕ್ಕುತ್ತ ಅವುಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಬಾಯಿ ಬಿಟ್ಟು ಒಂದು ಸಲವೂ ಹೇಳಲಿಲ್ಲ. ನನ್ನ ಬಾಯಿಗೆ ಬರುವುದಲ್ಲ ಎಂದು ನೀವೇ ತೀರ್ಪು ಕೊಟ್ಟಿರಲಿಲ್ಲವೇ? ಎಂದಾದರೂ ಒಂದು ದಿನ ನೀವೇ ಕಂಡುಹಿಡಿಯುತ್ತೀರಿ, ಆ ಹಾಳೆ ಹಿಡಿದು ಕಿಂಡಿಯ ಹತ್ತಿರ ಬಂದು ನಿಲ್ಲುತ್ತೀರಿ ಎಂದು ಕಾದೆ. ನೀವು ಅಡುಗೆಮನೆಗೆ ಬಂದದ್ದು ಉಪ್ಪು ಕಡಿಮೆ ಎಂದು ಹೇಳಲು ಮಾತ್ರ.

ಹೋದ ವರ್ಷ ಮಳೆಗಾಲದಲ್ಲಿ 'ಔಟ್ ಆಫ್ ದಿ ವುಡ್ಸ್' ಬೋರ್ಡಿಗೆ ಬಂದಿತ್ತು. ಕಾಡಿನಿಂದ ಹೊರಗೆ, ಎಂದು. ಹತ್ತು ದಿನ ಯಾರಿಗೂ ಹೊಂದಲಿಲ್ಲ. ಗುಲಾಬಿಯ ಮಗಳಿಗೆ ಡೆಂಗ್ಯೂ ಬಂದು ಅವಳೂ ಆ ದಿನಗಳಲ್ಲಿ ಬರಲಿಲ್ಲ. ಬಂದ ದಿನ ಕಣ್ಣ ಕೆಳಗೆ ಕಪ್ಪಾಗಿತ್ತು. "ಜ್ವರ ಬಿಟ್ಟಿತ್ತ್ ಮಾಷ್ಟ್ರೇ. ಆರೂ ಡಾಕ್ಟ್ರ್ ಇನ್ನೊಂದ್ ವಾರ ಹೆದ್ರಿಕೆ ಇತ್ತ್ ಅಂತ್ರ್" ಎಂದಳು. ನೀವು ಮೆಲ್ಲಗೆ, "ಹಂಗಾರೆ ಇನ್ನೂ ಔಟ್ ಆಫ್ ದಿ ವುಡ್ಸ್ ಅಲ್ಲ" ಎಂದಿರಿ. ಅಪಾಯ ಇನ್ನೂ ದಾಟಿಲ್ಲ, ಎಂದು. ಮತ್ತೆ ಎಲ್ಲರ ಕಡೆ ತಿರುಗಿ, "ಕಾಣಿ, ನಮ್ಗೆ ವಯ್ಸಾದ್ರೆ ಊರ್ ಹೋಗ್ ಅಂತ್, ಕಾಡ್ ಬಾ ಅಂತ್. ಅವ್ರಿಗೆ ಕಾಡಿಂದ ಹೊರ್ಗೆ ಬಂದ್ರೇ ಜೀವ ಉಳ್ದಂಗೆ" ಎಂದಿರಿ. ಗುಲಾಬಿ ಆವತ್ತು ಒರೆಸಲಿಲ್ಲ. ಒಂದು ವಾರ ಬಿಟ್ಟು, ಮಗಳು ಪೂರ್ತಿ ಹುಷಾರಾದ ಮೇಲೆ ಬಂದು ಒರೆಸಿದಳು. ಹೋಟೆಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಹಾಳೆಯ ಹಿಂದೆ ಬರೆದುಕೊಂಡೆ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ ಎಂದು ನಿಮಗೀಗ ಗೊತ್ತಾಗುತ್ತದೆ.

ನೀವು ಕೌಂಟರಿನಲ್ಲಿ ಕುಸಿದ ಬೆಳಿಗ್ಗೆ ಬೋರ್ಡಿನ ಮೇಲೆ 'ಸ್ಪಿಲ್ ದಿ ಬೀನ್ಸ್' ಎಂದಿತ್ತು. ನಿಮ್ಮನ್ನು ಕುಂದಾಪುರದ ಆಸ್ಪತ್ರೆಗೆ ಸೇರಿಸಿದೆವು. ಎರಡನೆಯ ದಿನ ಸಂಜೆ ನಾಲ್ಕಕ್ಕೆ ನನ್ನನ್ನು ಒಳಗೆ ಬಿಟ್ಟರು. ನಿಮ್ಮ ಮೂಗಿಗೆ ನಳಿಗೆ, ಕೈಗೆ ಸೂಜಿ. ನೀವು ನನ್ನನ್ನು ನೋಡಿದಿರಿ, ನನ್ನ ಹಿಂದಿನ ಬಾಗಿಲನ್ನು ನೋಡಿದಿರಿ.

"ಗುಲಾಬಿ ಬಂದಿಲ್ಯಾ?" ಎಂದಿರಿ. "ಅವ್ಳ ಹತ್ರ ಒಂದ್ ಮಾತ್ ಹೇಳುಕಿತ್ತ್."

ನಾನು ಎರಡು ದಿನದಿಂದ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ, ಅಪ್ಪಯ್ಯ. ತಲೆ ಬಾಚಿರಲಿಲ್ಲ. ನೀವು ಕೇಳಿದ ಮೊದಲ ಮಾತು ಅದು. ಹೊಟ್ಟೆಯಲ್ಲಿ ಏನು ಹೊತ್ತಿಕೊಂಡಿತೋ. ಇಂಗ್ಲಿಷಿನವರು ಹೊಟ್ಟೆಕಿಚ್ಚಿಗೆ ಹಸಿರಾಗುವುದು ಎನ್ನುತ್ತಾರೆಂದು ನೀವೇ ಬರೆದಿದ್ದಿರಿ, 'ಗ್ರೀನ್ ವಿತ್ ಎನ್ವಿ'. ಅವರಿಗೆ ಗೊತ್ತಿಲ್ಲ. ಅದು ಉರಿ, ನಮ್ಮವರು ಇಟ್ಟ ಹೆಸರೇ ಸರಿ.

"ಅವ್ಳಿಗೆ ಪುರ್ಸೊತ್ತ್ ಇಲ್ಯಂಬ್ರ್" ಎಂದೆ.

ಅದು ಸುಳ್ಳು. ಬೆಳಿಗ್ಗೆಯಿಂದ ಅವಳು ಮೂರು ಸಲ ಫೋನ್ ಮಾಡಿದ್ದಳು. ನೀವು ಬಾಗಿಲಿನಿಂದ ಕಣ್ಣು ತೆಗೆದು, "ಹೋಟ್ಲ್ ಯಾರ್ ಕಾಣ್ತಿದ್ರ್?" ಎಂದಿರಿ. ಅಡುಗೆಯ ಸರೋಜಕ್ಕ ನೋಡುತ್ತಿದ್ದಾರೆ ಎಂದೆ. ನೀವು ಕಣ್ಣು ಮುಚ್ಚಿದಿರಿ. ನಮ್ಮಿಬ್ಬರ ಕೊನೆಯ ಮಾತು ಅದೇ.

ಹೊರಗೆ ಬಂದಾಗ ಡಾಕ್ಟರು ಸಿಕ್ಕರು. ಬೇರೆ ಊರಿನ ಚಿಕ್ಕ ವಯಸ್ಸಿನವರು, ಕನ್ನಡ ಅಷ್ಟಕ್ಕಷ್ಟೆ. ತಡೆತಡೆದು, "ಹೀ ಈಸ್ ನಾಟ್ ಔಟ್ ಆಫ್ ದಿ ವುಡ್ಸ್ ಯೆಟ್. ಯಾರಾದರೂ ನೋಡಬೇಕಿದ್ದರೆ ಬರಲಿ" ಎಂದರು. ನಾಲ್ಕನೆಯ ಸಲ ಫೋನ್ ಬಂತು. "ಹ್ವಾಯ್ ಸುಜಾತ, ಮಾಷ್ಟ್ರ್ ಹ್ಯಾಂಗಿದ್ರ್? ನಾ ಸ್ಕೂಟ್ರ್ ಹಿಡ್ಕಂಡ್ ನಿತ್ತಿದೆ, ಈಗ್ಳೇ ಬತ್ತೆ" ಎಂದಳು ಗುಲಾಬಿ. "ಬಪ್ಪುದ್ ಬ್ಯಾಡ. ಡಾಕ್ಟ್ರ್ ಎಂತದೋ ಕಾಡ್ ಗೀಡ್ ಅಂದ್ರ್. ಆರಾಮ್ ಇದ್ರಂಬ್ರ್, ನಾಡಿದ್ದ್ ಮನಿಗೆ ಬತ್ರ್" ಎಂದೆ. ಆರಾಮ್ ಎಂದದ್ದನ್ನಷ್ಟೇ ಅವಳು ಹಿಡಿದುಕೊಂಡಳು. ಮರುದಿನ ಬೆಳಿಗ್ಗೆ ಏಳಕ್ಕೆ ಮೊದಲು ನೀವು ಹೋದಿರಿ.

ಹನ್ನೊಂದನೆಯ ದಿನಕ್ಕೆ ಬಂದವರಿಗೆಲ್ಲ ನಾನು ಒಂದೇ ಕಥೆ ಹೇಳಿದೆ. ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದರು, ನನಗೆ ಅರ್ಥವಾಗಲಿಲ್ಲ. ಕಾಡು ಇನ್ನೂ ಇಲ್ಲ ಎಂದ ಹಾಗೆ ಕೇಳಿಸಿತು, ಕಾಡು ಬಾ ಎನ್ನುವ ಹೊತ್ತು ಇನ್ನೂ ಬಂದಿಲ್ಲ ಎಂದುಕೊಂಡೆ, ಎಂದು. ಎಲ್ಲರೂ ನಂಬಿದರು. ಯಾಕೆ ನಂಬುವುದಿಲ್ಲ? ಸುಜಾತಳಿಗೆ ಇಂಗ್ಲಿಷ್ ಬರುವುದಿಲ್ಲವೆಂದು ವಂಡ್ಸೆ ಪೇಟೆಗೇ ಗೊತ್ತು. ಹೇಳಿದವರು ನೀವೇ ಅಲ್ಲವೇ? ಗುಲಾಬಿ ಮೂಲೆಯಲ್ಲಿ ಕೂತು ಸೆರಗಿನಿಂದ ಮೂಗು ಒರೆಸಿಕೊಂಡಳು. ಎದ್ದು ಹೋಗುವಾಗ ನನ್ನ ಕೈ ಹಿಡಿದಳು. ನಾನು ಬಿಡಿಸಿಕೊಳ್ಳಲಿಲ್ಲ.

ಆಮೇಲೆ ಬೋರ್ಡನ್ನು ಯಾರೂ ಮುಟ್ಟಲಿಲ್ಲ. ತಿಂಡಿ ಹೆಸರು ಸಹ ಬಾಯಲ್ಲೇ ಹೇಳುತ್ತಿದ್ದೆವು. ನಿಮ್ಮ ಅಕ್ಷರ ದಿನದಿನಕ್ಕೆ ಮಾಸುತ್ತಿತ್ತು. ಬೀನ್ಸ್ ಚೆಲ್ಲುವುದೆಂದರೆ ಮುಚ್ಚಿಟ್ಟ ಗುಟ್ಟನ್ನು ಬಾಯಿಬಿಡುವುದು. ಬಹಳ ಹಿಂದೆ, ಗುಲಾಬಿ ಬರುವುದಕ್ಕೂ ಮೊದಲು ಒಮ್ಮೆ ಅದನ್ನು ಬರೆದಿದ್ದಿರಿ, ನಿಮಗೇ ಮರೆತಿತ್ತು. ನನ್ನ ಹಾಳೆಯಲ್ಲಿದೆ. ಮೂರು ತಿಂಗಳು ಕಿಂಡಿಯಿಂದ ಕಣ್ಣೆತ್ತಿದರೆ ಅದೇ ಕಾಣಿಸುತ್ತಿತ್ತು. ಬೇರೆ ಯಾವುದನ್ನಾದರೂ ಬರೆದು ಹೋಗಬಾರದಿತ್ತೇ?

ಹೋದ ಗುರುವಾರ ಹತ್ತೂವರೆಗೆ ಗುಲಾಬಿ ಮೀನು ಕೊಟ್ಟು ಒಳಗೆ ಬಂದಳು. ನೀವು ಹೋದ ಮೇಲೂ ಚಾ ಕುಡಿಯುತ್ತಾಳೆ, ಆದರೆ ಕನ್ನಡದಲ್ಲಿ ಕೇಳಿ. ತಿಂಡಿಯವರು ಹೋಗಿ ಊಟದವರು ಬರುವ ಮೊದಲಿನ ಖಾಲಿ ಹೊತ್ತು. ಕಿಂಡಿಗೆ ಮುಖ ಕೊಟ್ಟು ಹೇಳಿದಳು, "ನೀ ಒಳ್ಗೊಳ್ಗೆ ಕೊರ್ಗಬ್ಯಾಡ ಸುಜಾತ. ನಿಂದೆಂತ ತಪ್ಪಿತ್ತ್? ಪಾಪ, ನಿಂಗೆ ಇಂಗ್ಲಿಷ್ ಬತ್ತಿಲ್ಲೆ, ಡಾಕ್ಟ್ರ್ ಹೇಳದ್ ತಿಳಿಲಿಲ್ಲೆ. ನಾನಾರೂ ಇದ್ದಿರೆ..."

ಪಾಪ ಎಂದಳು, ಅಪ್ಪಯ್ಯ. ಏಳನೇ ಕ್ಲಾಸಿನ ಗುಲಾಬಿ ನನ್ನನ್ನು ಪಾಪ ಎಂದಳು. ಒಳ್ಳೆಯತನದಿಂದಲೋ ಪಶ್ಚಾತ್ತಾಪದಿಂದಲೋ ನಾನು ಬಾಯಿ ಬಿಟ್ಟೆ ಎಂದು ನೀವು ತಿಳಿಯಬೇಡಿ. ಆ ಪಾಪ ಎನ್ನುವುದನ್ನು ತಡೆಯಲಾಗಲಿಲ್ಲ, ಅಷ್ಟೆ. ಬಾಗಿಲ ಹಿಂದಿನ ಹಾಳೆಗಳನ್ನು ಮೊಳೆಸಮೇತ ಕಿತ್ತು ತಂದು ಅವಳ ಮೇಜಿನ ಮೇಲೆ ಹಾಕಿದೆ.

"ಕಾಣ್. ನಂಗೆ ಎಲ್ಲ ಬತ್ತ್. ನೀ ಒರ್ಸದ್, ನೀ ಒರ್ಸದೇ ಇಪ್ಪುದ್, ಎಲ್ಲ. ಡಾಕ್ಟ್ರ್ ಹೇಳದ್ ನಂಗೆ ಸರಿ ತಿಳ್ದಿತ್ತ್. ಅಪ್ಪಯ್ಯ ನಿನ್ನ ಕೇಂಡಿದ್ರ್. ನಿಂಗೆ ಪುರ್ಸೊತ್ತಿಲ್ಲೆ ಅಂದೇಳಿ ನಾನೇ ಹೇಳದ್" ಎಂದೆ.

ಅವಳು ಹಾಳೆಗಳನ್ನು ನೋಡಿದಳು. ತೂತು ಬಿದ್ದ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. "ಎಂತ ಹೇಳುಕಿದ್ದಿದ್ರ್ ಅವ್ರ್?" ಎಂದಳು.

"ಗೊತ್ತಿಲ್ಲೆ."

"ನೀ ಕೇಂಡಿಲ್ಯಾ?"

ಕೇಳಿರಲಿಲ್ಲ. ಮೂರು ತಿಂಗಳಿನಿಂದ ನಾನೂ ಅದನ್ನೇ ಯೋಚಿಸುತ್ತಿದ್ದೇನೆ. ಮಗಳಿಗೆ ಹೇಳಲಾಗದೆ ಮೀನಿನವಳಿಗೆ ಹೇಳಬೇಕಿದ್ದ ಆ ಒಂದು ಮಾತು ಯಾವುದು? ಬೋರ್ಡಿನ ಬಗ್ಗೆಯೇ, ಅವಳ ಮಗಳ ಶಾಲೆಯ ಬಗ್ಗೆಯೇ, ಅಥವಾ ನನ್ನ ಬಗ್ಗೆಯೇ... ಇನ್ನು ಅವಳಿಗೂ ಸಿಗುವುದಿಲ್ಲ, ನನಗೂ ಸಿಗುವುದಿಲ್ಲ.

ಗುಲಾಬಿ ಎದ್ದಳು. ಅವಳು ಕೂಗಾಡುತ್ತಾಳೆಂದು ನಾನು ಸಜ್ಜಾಗಿ ನಿಂತಿದ್ದೆ. ಗಂಗೊಳ್ಳಿ ಬಂದರಿನಲ್ಲಿ ಅವಳ ಬಾಯಿಗೆ ಬೋಟಿನವರೇ ಹೆದರುತ್ತಾರೆ. ಅವಳು ಕೌಂಟರಿನ ಮೇಲಿದ್ದ ಒದ್ದೆ ಬಟ್ಟೆ ತೆಗೆದು ನನ್ನ ಕೈಗೆ ಕೊಟ್ಟಳು. "ಒರ್ಸ್. ಇದ್ ನಿಂದೇ ಅಲ್ದಾ" ಎಂದಳು. ಚಾ ಮುಟ್ಟದೆ ಹೋದಳು. ನಾನು ಒರೆಸಿದೆ. ನ್ಯಾಯವಾಗಿ ನಾನೇ ಒರೆಸಬೇಕಾಗಿದ್ದದ್ದು. ನಿಮ್ಮ ಕೊನೆಯ ಅಕ್ಷರ ಬಟ್ಟೆಗೆ ಬಂತು. ಆ ಬಟ್ಟೆಯನ್ನು ಒಗೆಯಲು ಮನಸ್ಸು ಬಂದಿಲ್ಲ.

ನಾಲ್ಕು ದಿನ ಅವಳು ಹಿಂಬಾಗಿಲಿಗೆ ಬಂದು ಮೀನು ಇಟ್ಟು ಹೋದಳು. ಒಂದು ಮಾತಿಲ್ಲ. ಸಿಟ್ಟಿಗೆ ಹಳೆ ಮೀನು ಕೊಟ್ಟಿರಬಹುದೆಂದು ಕಿವಿರು ತೆರೆದು ನೋಡುತ್ತಿದ್ದೆ. ಕೆಂಪಗೆ, ತಾಜಾ ಇರುತ್ತಿತ್ತು. ಅವಳಲ್ಲಿ ಒಂದು ಕುಂದಾದರೂ ಸಿಕ್ಕಿದ್ದರೆ ನನಗೆ ಎಷ್ಟು ಹಗುರವಾಗುತ್ತಿತ್ತು ಗೊತ್ತೇ?

ಇವತ್ತು ಬೆಳಿಗ್ಗೆ ನಾನು ಬೋರ್ಡಿನ ಮೇಲೆ ತಿಂಡಿಗಳ ಹೆಸರು ಬರೆದೆ. ಕೆಳಗೆ ಒಂದು ಮಾತನ್ನೂ ಬರೆದೆ, ನನ್ನ ಮೊದಲ ಮಾತು, 'ಈಟ್ ಹಂಬಲ್ ಪೈ'. ತಪ್ಪು ಒಪ್ಪಿ ತಲೆ ತಗ್ಗಿಸುವುದಕ್ಕೆ ಹಾಗೆನ್ನುತ್ತಾರೆ. ಪೋಸ್ಟ್‌ಮ್ಯಾನ್ ನೋಡಿ, ಅದು ಯಾವ ತಿಂಡಿ ಎಂದು ಕೇಳಿದ. ಅರ್ಥ ಕೇಳುವ ಹಾಗಿಲ್ಲ ಎಂದೆ. ಹತ್ತೂವರೆಗೆ ಸ್ಕೂಟರ್ ಸದ್ದಾಯಿತು. ಗುಲಾಬಿ ಮೀನು ಕೊಟ್ಟು, ಕೈ ತೊಳೆದು, ಮುಂದಿನ ಬಾಗಿಲಿನಿಂದ ಬಂದು ಗೋಡೆ ಬದಿಯ ಮೇಜಿಗೆ ಕೂತಳು. ಬೋರ್ಡು ನೋಡಿದಳು. ನಗಲಿಲ್ಲ. ಕ್ಷಮಿಸಿದ ಮುಖವೂ ಅಲ್ಲ ಅದು. ಕೌಂಟರಿನಲ್ಲಿ ನಿಮ್ಮ ಜಾಗದಲ್ಲಿ ಕೂತಿದ್ದ ನನ್ನನ್ನು ನೇರ ನೋಡಿ, ನಿಮಗೆ ಹೇಳುತ್ತಿದ್ದ ಹಾಗೆಯೇ ಹೇಳಿದಳು.

"ಒನ್ ಟೀ ಪ್ಲೀಸ್. ಲೆಸ್ ಶುಗರ್."

ಪಿಯುಸಿಯಿಂದ ಇಲ್ಲಿಯವರೆಗೆ ಬಾಯಿಂದ ಹೊರಗೆ ಬಾರದ ಭಾಷೆ. ಪೋಸ್ಟ್‌ಮ್ಯಾನ್ ನೋಡುತ್ತಿದ್ದ, ಕಿಂಡಿಯಲ್ಲಿ ಸರೋಜಕ್ಕನ ಕೈ ನಿಂತಿತ್ತು.

"ಕಮಿಂಗ್ ರೈಟ್ ಅಪ್" ಎಂದೆ.

ಸರಿಯಾಗಿಯೇ ಬಂತು. ಗುಲಾಬಿ ತಲೆಯಾಡಿಸಿದಳು. ನಾನೇ ಒಳಗೆ ಹೋಗಿ ಚಾ ಮಾಡಿದೆ, ಸಕ್ಕರೆ ಕಡಿಮೆ ಹಾಕಿ. ಇನ್ನು ಮುಂದೆ ದಿನವೂ ಹಾಗೆಯೇ ಹಾಕುತ್ತೇನೆ. ಬೋರ್ಡಿನ ಮೇಲೆ ದಿನವೂ ಬರೆಯುತ್ತೇನೆ. ಮಾತು ಕೊಟ್ಟೆ. ಆದರೆ ಹೊಟ್ಟೆಕಿಚ್ಚು ಹೋಗಿದೆ ಎಂದು ಮಾತ್ರ ಬರೆಯಲಾರೆ. ನನ್ನ ಬಾಯಿಗೆ ಇಂಗ್ಲಿಷ್ ಬಂದದ್ದನ್ನು ನೀವು ಕೇಳಬೇಕು ಎಂದು ಅಷ್ಟು ವರ್ಷ ಕಾಯ್ದಿಟ್ಟುಕೊಂಡಿದ್ದೆ. ಅದೂ ಅವಳ ಪಾಲಿಗೇ ಹೋಯಿತು, ಅಪ್ಪಯ್ಯ.

ನಿಮ್ಮ
ಸುಜಾತ